ಬಿಳಿಕಲ್ಲಿನ ದಾರಿ

ಕೇಣಿ, ಅಂಕೋಲಾ
೧೨ ಜನವರಿ ೨೦೨೫

ಮಗಳು ಚಂದನಾಳಿಗೆ,

ಇಲ್ಲಿ ನಾನೂ ನಿನ್ನ ಅವ್ವಿಯೂ ಸೌಖ್ಯ. ಫೋನಿನಲ್ಲಿ ನೀನು ಹೇಳಿದ್ದು ನನ್ನ ಕಿವಿಗೆ ಅರ್ಧವೂ ಬೀಳುವುದಿಲ್ಲ. ನಲವತ್ತು ವರ್ಷ ದೋಣಿಯ ಎಂಜಿನ್ನಿನ ಪಕ್ಕ ಕುಳಿತ ಕಿವಿ. ಉಳಿದರ್ಧವನ್ನು ನಿನ್ನ ಅವ್ವಿ ಕೂಗಿ ಹೇಳುತ್ತಾಳೆ. ಅದರಲ್ಲಿ ನಿನ್ನ ಮಾತೆಷ್ಟು, ಅವಳು ಸೇರಿಸಿದ್ದೆಷ್ಟು ಗೊತ್ತಾಗುವುದಿಲ್ಲ. ಅದಕ್ಕೇ ಈ ಕಾಗದ.

ರಕ್ಷಿತಾಗೆ ಈ ತಿಂಗಳು ಏಳು ತುಂಬಿತು. ಆರು ತಿಂಗಳ ಕೂಸಾಗಿದ್ದಾಗ ನೀವು ಅವಳನ್ನು ಕರೆದುಕೊಂಡು ಸ್ಕಾಟ್ಲೆಂಡಿಗೆ ಹೋದಿರಿ. ಆಮೇಲೆ ಒಮ್ಮೆಯೂ ಬಂದಿಲ್ಲ. ಯಾಕೆ ಎಂದು ನಾನು ಕೇಳುತ್ತಿಲ್ಲ, ನನಗೆ ಗೊತ್ತು. ತಮ್ಮ ಕಿಶನನನ್ನು ತಿಂದ ನೀರಿನ ಹತ್ತಿರ ಮಗಳನ್ನು ತರುವುದಿಲ್ಲ ಎಂದು ಹೋಗುವ ದಿನ ಹೊಸಿಲ ಮೇಲೆ ನಿಂತು ನೀನು ಹೇಳಿದ್ದೆ. ನಾನು ಬಾಯಿ ಬಿಡಲಿಲ್ಲ.

ಈಗ ಬಿಡುತ್ತೇನೆ. ಒಮ್ಮೆ ಅವಳನ್ನು ಕರೆದುಕೊಂಡು ಬಾ. ದೋಣಿಗೆ ಹತ್ತಿಸುವುದಿಲ್ಲ, ನೀರಿಗೆ ಕಾಲಿಡಲು ಬಿಡುವುದಿಲ್ಲ. ಬರೀ ನಡೆಸಿಕೊಂಡು ಹೋಗುತ್ತೇನೆ. ನೀವು ಅಲ್ಲಿ ಪ್ರತಿ ಭಾನುವಾರ ಅವಳ ಜೊತೆ ನಡೆಯಲು ಹೋಗುತ್ತೀರಂತೆ, ಮಕ್ಕಳು ನಡೆಯುವುದಕ್ಕೇ ಎಂದು ದಾರಿ ಮಾಡಿಟ್ಟಿದ್ದಾರಂತೆ. ಕೇಳಿ ನಕ್ಕೆ. ದಾರಿ ಇರುವುದು ಮತ್ತೆ ಯಾತಕ್ಕೆ? ಆದರೂ ಇರಲಿ. ಅಂಥ ದಾರಿ ನಮ್ಮಲ್ಲೂ ಒಂದು ಇದ್ದೇ ಇದೆ. ಕೇಣಿಯಿಂದ ಗುಡ್ಡ ಹತ್ತಿ ಬೇಲೇಕೇರಿ ಕಡೆಗೆ ಹೋದರಾಯಿತು. ಮೇಲಿಂದ ನೋಡಿದರೆ ಸಮುದ್ರ ಕಣ್ಣಿಗಷ್ಟೇ ಸಿಗುತ್ತದೆ, ಕೈಗೆ ಸಿಗುವುದಿಲ್ಲ.

ನಿನ್ನ ಅಪ್ಪ,
ಬೊಮ್ಮಯ್ಯ


ಡನ್‌ಫರ್ಮ್ಲಿನ್, ಸ್ಕಾಟ್ಲೆಂಡ್
೯ ಫೆಬ್ರವರಿ ೨೦೨೫

ಅಪ್ಪಾ,

ನಿನ್ನ ಕೈಬರಹ ನೋಡಿ ಎಷ್ಟು ವರ್ಷವಾಗಿತ್ತು. ರಕ್ಷಿತಾ ಲಕೋಟೆಯನ್ನು ಮೂಸಿ ನೋಡಿ, ಅಜ್ಜನ ಮನೆ ಒಣಮೀನಿನ ವಾಸನೆ ಎಂದಳು. ಅದು ನಿಜವೋ ಅವಳಪ್ಪ ಅಮಿತ ಹೇಳಿಕೊಟ್ಟದ್ದೋ ಗೊತ್ತಿಲ್ಲ.

ನೀನು ನಗು, ಅಡ್ಡಿಯಿಲ್ಲ. ಇಲ್ಲಿಗೆ ಬಂದ ಹೊಸತರಲ್ಲಿ ನನಗೂ ಇದು ತಮಾಷೆಯಾಗಿಯೇ ಕಂಡಿತ್ತು. ಊರ ನಡುವೆ ದೊಡ್ಡ ಪಾರ್ಕು, ಅದರಲ್ಲಿ ನವಿಲುಗಳು ಯಾರ ಹಂಗೂ ಇಲ್ಲದೆ ತಿರುಗುತ್ತವೆ. ದಾರಿ ಶುರುವಾಗುವಲ್ಲಿ ಒಂದು ಫಲಕ. ಎಷ್ಟು ದೂರ, ಎಷ್ಟು ಹೊತ್ತು ಬೇಕು, ಮಕ್ಕಳ ತಳ್ಳುಗಾಡಿ ಹೋಗುತ್ತದೋ ಇಲ್ಲವೋ, ಶೌಚಾಲಯ ಎಲ್ಲಿ, ಎಲ್ಲ ಬರೆದಿರುತ್ತಾರೆ. ಬಣ್ಣದ ಬಾಣದ ಗುರುತು ಹಿಡಿದು ಹೊರಟರೆ ಏಳು ವರ್ಷದ ಮಗುವೂ ದಾರಿ ತಪ್ಪುವುದಿಲ್ಲ. ಈಗ ನಮ್ಮನ್ನು ನಡೆಸುವವಳು ಅವಳೇ.

ಆದರೆ ನನ್ನನ್ನು ನಿಜವಾಗಿ ಬೆರಗುಗೊಳಿಸಿದ್ದು ಬೇರೆ. ಇಲ್ಲಿ ಯಾರ ಜಮೀನಿನಲ್ಲಿ ಯಾರು ಬೇಕಾದರೂ ನಡೆಯಬಹುದು. ಬೆಳೆ ತುಳಿಯಬಾರದು, ತೆಗೆದ ಗೇಟು ಮುಚ್ಚಬೇಕು, ಅಷ್ಟೆ. ಕಾನೂನೇ ಹಾಗಿದೆ. ಮೊದಲ ಸಲ ಒಬ್ಬರ ಹೊಲದ ಅಂಚಿನಲ್ಲಿ ನಡೆದಾಗ ಯಾರಾದರೂ ಬಂದು ಬೈಯುತ್ತಾರೆ ಎಂದು ಹಿಂದೆ ಹಿಂದೆ ನೋಡುತ್ತಿದ್ದೆ. ಟ್ರ್ಯಾಕ್ಟರಿನವನು ಬಂದ, ಕೈ ಬೀಸಿದ, ಹೋದ. ಬೈಯಲಿಲ್ಲವಲ್ಲ ಎಂದು ನಾನು ಅಲ್ಲೇ ನಿಂತು ಅತ್ತೆ. ಯಾಕೆಂದು ಅಮಿತನಿಗೆ ತಿಳಿಯಲಿಲ್ಲ.

ಸಮುದ್ರ ದಂಡೆಯ ದಾರಿಯೂ ಇದೆ. ನೂರು ಮೈಲಿಗೂ ಉದ್ದವಂತೆ, ನಮ್ಮ ಮನೆಯಿಂದ ಆರೇ ಮೈಲಿ. ನಾವು ಆ ಕಡೆ ಹೋಗಿಲ್ಲ.

ಕೇಣಿ ಗುಡ್ಡದಲ್ಲಿ ಅಂಥ ದಾರಿಯಿದ್ದದ್ದು ನನಗೆ ನೆನಪಿಲ್ಲ. ಇದ್ದರೆ ನಕ್ಷೆ ಬರೆದು ಕಳಿಸು. ಬರುತ್ತೇನೆ ಎಂದು ನಾನು ಹೇಳುತ್ತಿಲ್ಲ.

ನಿನ್ನ,
ಚಂದನಾ


ಕೇಣಿ
೧೬ ಮಾರ್ಚ್ ೨೦೨೫

ಚಂದನಾ,

ನಕ್ಷೆ ಇದರ ಜೊತೆಗಿದೆ. ಎರಡು ಸಂಜೆ ಕುಳಿತು ಬರೆದದ್ದು. ಬರೆದು ನಿನ್ನ ಅವ್ವಿಗೆ ತೋರಿಸಿದೆ. ಪೇಟೆಯಲ್ಲಿ ಮೀನು ಮಾರಿ ಆಗಷ್ಟೇ ಬಂದಿದ್ದಳು. ಅವಳು ನಕ್ಷೆಯನ್ನು ಹೀಗೆ ಹಿಡಿದಳು, ಹಾಗೆ ಹಿಡಿದಳು, ಆಮೇಲೆ ನಗುತ್ತ ಕೂತೇ ಬಿಟ್ಟಳು. "ಇದ್ರಾಗೆ ಬೇಲೇಕೇರಿ ಎಡಕ್ಕದೆ. ನೀವು ಸಮುದ್ರದಾಗೆ ಕೂತ್ಕಂಡು ಬರ್ದದ್ದಲ್ದ? ಹೀಗೆ ನಡೆದ್ರೆ ಮಗು ಸೀದಾ ನೀರಿಗೆ ಹೋಗ್ತದೆ," ಎಂದಳು.

ನೋಡಿದರೆ ಹೌದು. ಗುಡ್ಡ, ಗಾಳಿಮರದ ತೋಪು, ಹಳ್ಳ, ದೇವರ ಬನ, ಎಲ್ಲವನ್ನೂ ನೀರಿನ ಮೇಲಿಂದ ಹೇಗೆ ಕಾಣುತ್ತದೋ ಹಾಗೆಯೇ ಬರೆದಿದ್ದೆ. ಒಂದರ ಹಿಂದೆ ಒಂದಿರುವ ಎರಡು ಗುಡ್ಡಗಳನ್ನು ಅಕ್ಕಪಕ್ಕ ಇಟ್ಟಿದ್ದೆ. ಆಮೇಲೆ ಯೋಚಿಸಿದೆ. ನನಗೆ ಅರವತ್ತೆಂಟು. ಈ ಗುಡ್ಡವನ್ನು ದಿನವೂ ನೋಡಿದ್ದೇನೆ, ಒಂದು ದಿನವೂ ಹತ್ತಿಲ್ಲ. ಬುಟ್ಟಿ ಹೊತ್ತು ಬಾಳೆಗುಳಿ ತನಕ ನಡೆದವಳು ನಿನ್ನ ಅವ್ವಿ. ನೆಲದ ಲೆಕ್ಕವೆಲ್ಲ ಹೆಂಗಸರದ್ದು, ನಮಗೆ ದಡಕ್ಕೆ ಬಂದ ಮೇಲೆ ಮನೆಯ ಜಗುಲಿ ಅಷ್ಟೇ ಗೊತ್ತು. ನಾಚಿಕೆಯಾಯಿತು. ಆದರೂ ನಕ್ಷೆ ಹರಿಯಲಿಲ್ಲ, ಮೊಮ್ಮಗಳು ನಗಲಿ ಎಂದು ಕಳಿಸುತ್ತಿದ್ದೇನೆ.

ಗುಡ್ಡದ ಇಳಿಜಾರಿನಲ್ಲಿ ಗುಂಡಗೆ ಬರೆದದ್ದು ಬಿಳಿಕಲ್ಲು. ಬೇರೆಲ್ಲ ತಪ್ಪಿದರೂ ಅದು ತಪ್ಪಿಲ್ಲ. ದೋಣಿಯಿಂದ ನೋಡುವಾಗ ಆ ಕಲ್ಲು ಹಿಂದಿನ ಗುಡ್ಡದ ತಗ್ಗಿಗೆ ನೇರವಾಗಿ ಕಂಡರೆ ನೀರೊಳಗಿನ ಬಂಡೆಸಾಲು ತಪ್ಪಿಸಿ ದಡಕ್ಕೆ ಬರಬಹುದು. ನಮ್ಮ ಅಜ್ಜನ ಕಾಲದಿಂದ ಅದೇ ನಮ್ಮ ಗುರುತು. ದಾರಿ ಅಲ್ಲಿಯತನಕ ಮಾಡೋಣ. ನಾನೂ ಅದನ್ನು ಮುಟ್ಟಿ ನೋಡಿದ ಹಾಗಾಗುತ್ತದೆ.

ಅಪ್ಪ


ಡನ್‌ಫರ್ಮ್ಲಿನ್
೪ ಮೇ ೨೦೨೫

ಅಪ್ಪಾ,

ನಕ್ಷೆ ರಕ್ಷಿತಾಳ ಮಂಚದ ಪಕ್ಕದ ಗೋಡೆಯಲ್ಲಿದೆ. ಅಜ್ಜ ನೆಲವನ್ನು ನೀರಿನಿಂದ ಯಾಕೆ ನೋಡುತ್ತಾರೆ ಎಂದು ಕೇಳಿದಳು. ಅಲ್ಲೇ ಇರುತ್ತಾರಲ್ಲ, ಅದಕ್ಕೆ ಎಂದೆ.

ಈ ವಾರ ಕಾಡಿನ ದಾರಿಗೆ ಹೋಗಿದ್ದೆವು. ಸುಲಭದ ದಾರಿ, ಅಜ್ಜಿಯಂದಿರೂ ಮಕ್ಕಳೂ ನಾಯಿಗಳೂ ಎಲ್ಲರೂ ಬಂದಿದ್ದರು. ಒಂದು ತಿರುವು ದಾಟಿದ ಕೂಡಲೇ ಮರಗಳ ಕೆಳಗೆ ನೆಲ ಕಾಣಲಿಲ್ಲ, ಅಷ್ಟೂ ನೀಲಿ ಹೂವು. ಕಣ್ಣು ಹೋದಷ್ಟು ದೂರಕ್ಕೂ. ಮಾತಾಡುತ್ತ ಬಂದವರೆಲ್ಲ ಅಲ್ಲಿಗೆ ಬಂದು ನಿಂತುಬಿಡುತ್ತಿದ್ದರು. ಯಾರೂ ಬಿತ್ತಿದ್ದಲ್ಲವಂತೆ, ಎಷ್ಟೋ ಕಾಲದಿಂದ ವರ್ಷಕ್ಕೊಮ್ಮೆ ತಾನಾಗಿ ಬರುತ್ತದಂತೆ. ರಕ್ಷಿತಾ ಮೆಲ್ಲಗೆ, "ಅಮ್ಮಾ, ಸಮುದ್ರ ಹೀಗೇ ಇರ್ತದಾ?" ಎಂದಳು.

ಏಳು ವರ್ಷದ ಮಗು, ಕೇಣಿಯ ಮಗು, ಸಮುದ್ರ ಹೇಗಿರುತ್ತದೆ ಎಂದು ಹೂವು ನೋಡಿ ಕೇಳಿತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಆ ಅಸಹ್ಯ ಮನೆಗೆ ಬರುವಷ್ಟರಲ್ಲಿ ಸಿಟ್ಟಾಗಿ ನಿನ್ನ ಮೇಲೆ ತಿರುಗಿತು. ಬರೆದೇ ಬಿಡುತ್ತೇನೆ.

ಬಿಳಿಕಲ್ಲಿನ ತನಕ ದಾರಿ ಮಾಡೋಣ ಎಂದು ಹೇಗೆ ಬರೆದೆ? ಕಿಶನನಿಗೆ ನೀನು ಹೇಳಿಕೊಟ್ಟದ್ದೂ ಅದೇ ಕಲ್ಲಲ್ಲವೇ? ಅವನಿಗಿನ್ನೂ ಇಪ್ಪತ್ತೆರಡು. ಆ ಸಣ್ಣ ದೋಣಿಯಲ್ಲಿ ಜಿಪಿಎಸ್ ಇರಲಿಲ್ಲ. ಮಂಜು ಮಳೆ. ನೀನು ದೋಣಿಯ ಕಾಗದಪತ್ರಕ್ಕೆಂದು ಕಾರವಾರಕ್ಕೆ ಹೋದೆ, ಅವನನ್ನು ಒಬ್ಬನೇ ಬಿಟ್ಟೆ. ಅವನು ಬಂಡೆಸಾಲಿನ ಮೇಲೆಯೇ ಬಂದ, ದೋಣಿ ಒಡೆಯಿತು. ಗುರುತು ಸರಿಯಾಗಿ ಕಲಿಸಿದ್ದರೆ ಬರುತ್ತಿದ್ದನೇ? ನೀನು ಕಲಿಸಲಿಲ್ಲ ಅಪ್ಪಾ. ಎಂಟು ವರ್ಷದಿಂದ ನನ್ನೊಳಗೆ ಇರುವುದು ಇದೊಂದೇ ಮಾತು. ಸಮುದ್ರಕ್ಕೆ ಹೆದರಿ ಬರುವುದಿಲ್ಲ ಎಂದು ಎಲ್ಲರಿಗೂ ಹೇಳಿದೆ. ನಿನ್ನ ಎದುರು ನಿಂತರೆ ಇದನ್ನು ಹೇಳಿಬಿಡುತ್ತೇನೆ ಎಂದೂ ಹೆದರಿಕೆ ಇತ್ತು.

ಚಂದನಾ


ಕೇಣಿ
೧೧ ಆಗಸ್ಟ್ ೨೦೨೫

ಚಂದನಾ,

ಮೂರು ತಿಂಗಳು ಉತ್ತರ ಬರೆಯಲಿಲ್ಲ. ಬರೆಯಲು ಕುಳಿತಾಗಲೆಲ್ಲ ನೀನು ಹೇಳಿದ್ದು ಸರಿ ಎಂದಷ್ಟೇ ಬರೆಯಬೇಕು ಅನಿಸುತ್ತಿತ್ತು. ನಾನು ಕಲಿಸಿದ್ದೆನೋ ಇಲ್ಲವೋ ಎಂದು ನೀನು ಕೇಳುವ ಮೊದಲೇ ನಾನು ಕೇಳಿಕೊಂಡು ಸುಸ್ತಾಗಿದ್ದೇನೆ.

ಮೊನ್ನೆ ನೂಲಹುಣ್ಣಿಮೆ. ಬೆಳಿಗ್ಗೆ ಎಲ್ಲರ ಜೊತೆ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟೆ. ಮಳೆ ಸ್ವಲ್ಪ ಬಿಟ್ಟಿತ್ತು. ನೀನು ಬಾರದಿದ್ದರೂ ಸರಿ, ಹೇಳಿದ ದಾರಿ ಇದೆಯೋ ನೋಡೋಣ ಎಂದು ನಿನ್ನ ಅವ್ವಿ ಹೇಳಿದಂತೆ ಗಾಳಿಮರದ ತೋಪಿನ ಹಿಂದಿನಿಂದ ಗುಡ್ಡ ಹತ್ತಿದೆ. ಗೇರುಮರ ದಾಟಿದರೆ ಕೆಂಪು ಚಿರೇಕಲ್ಲಿನ ಬಯಲು. ಮಳೆಗೆ ಅದರ ತುಂಬ ಸಣ್ಣ ಸಣ್ಣ ಹೂವು ಬಂದಿತ್ತು, ನೀನು ಬರೆದದ್ದು ನೆನಪಾಯಿತು. ಅಷ್ಟರಲ್ಲಿ ಹಸಿ ಸುಣ್ಣದ ವಾಸನೆ ಬಂತು.

ಕಲ್ಲು ನಾನೆಣಿಸಿದ್ದಕ್ಕಿಂತ ದೊಡ್ಡದು, ಎರಡಾಳು ಎತ್ತರ. ಅರ್ಧ ಬೆಳ್ಳಗೆ, ಅರ್ಧ ಪಾಚಿಗಪ್ಪು. ಅದಕ್ಕೆ ಬಿದಿರಿನ ಏಣಿ ಆನಿಸಿ ಒಬ್ಬ ಮುದುಕ ಸುಣ್ಣ ಬಳಿಯುತ್ತಿದ್ದ.

ಆ ಕಲ್ಲು ಹುಟ್ಟಾ ಬಿಳಿ ಎಂದು ನಮ್ಮ ಅಪ್ಪ ಹೇಳಿದ್ದ. ದೇವರು ನಮಗೆಂದೇ ಇಟ್ಟದ್ದು ಎಂದು ನಾನು ಕಿಶನನಿಗೆ ಹೇಳಿದ್ದೆ. ಕೇಣಿಯ ಒಬ್ಬ ಗಂಡಸಿಗೂ ಬೇರೆ ಯೋಚನೆ ಬಂದದ್ದಿಲ್ಲ, ಯಾಕೆಂದರೆ ಒಬ್ಬನೂ ಹತ್ತಿ ನೋಡಿಲ್ಲ.

ಅವನ ಹೆಸರು ಜಟ್ಟ. ಗುಡ್ಡದ ಆಚೆ ಮಗ್ಗುಲಿನವ, ಸ್ವಲ್ಪ ಗದ್ದೆ, ನಾಲ್ಕು ದನ. ದೋಣಿ ಹತ್ತಿದವನಲ್ಲ, ಈಜು ಬಾರದು. ಯಾರು ಬಳಿಯಲು ಹೇಳಿದ್ದು ಎಂದು ಕೇಳಿದೆ. "ಯಾರ್ ಹೇಳ್ಬೇಕು? ನಮ್ಮಪ್ಪ ಬಳೀತಿದ್ದ, ಅವ ಹೋದ್ಮೇಲೆ ನಾ ಬಳೀತೆ. ನೀರ್ ಮೇಲಿದ್ದವ್ರಿಗೆ ಮನೆ ಬದಿ ಯಾವ್ದು ಅಂತ ಕಾಣ್ಬೇಕಲ್ದ?" ಎಂದ. ಪ್ರತಿ ವರ್ಷ ಇದೇ ಹುಣ್ಣಿಮೆಗೆ, ಮೀನಿನ ಕಾಲ ಶುರುವಾಗುವ ಮೊದಲು. ನಾವು ಕೆಳಗೆ ಕಾಯಿ ಬಿಡುವ ದಿನವೇ ಅವನು ಮೇಲೆ ಸುಣ್ಣ ಬಳಿಯುತ್ತಾನೆ. ನಾವು ಅವನನ್ನು ನೋಡಿಲ್ಲ, ಅವನು ನಮ್ಮ ಹೆಸರು ಕೇಳಿಲ್ಲ.

ಐವತ್ತು ವರ್ಷ ನಾನು ಮನೆಗೆ ಬಂದದ್ದು ಈ ಮನುಷ್ಯನ ಕೈಯಿಂದ. ನಿನ್ನ ಮದುವೆಗೆ, ನಿನ್ನ ಬಾಣಂತನಕ್ಕೆ, ಪ್ರತಿ ದಿನದ ಊಟಕ್ಕೆ ನಾನು ದಡ ಸೇರಿದ್ದು ಇವನಿಂದ. ಅವನ ಕಾಲಿಗೆ ಬೀಳಬೇಕು ಅನಿಸಿತು. ಬೀಳಲಿಲ್ಲ, ಏಣಿ ಹಿಡಿದುಕೊಂಡೆ.

ಏಣಿಯಿಂದ ಇಳಿದಾಗ ಅವನು ಕುಂಟುತ್ತಿದ್ದ. ಕೇಳಿದೆ. ಎಂಟು ವರ್ಷದ ಹಿಂದೆ ಗದ್ದೆಯ ಅಂಚಿನ ಹಾಳಿಯಲ್ಲಿ ಜಾರಿ ಕಾಲು ಮುರಿದಿತ್ತಂತೆ. "ಆ ವರ್ಷ ಒಂದೇ ಹತ್ತುಕೆ ಆಗ್ಲಿಲ್ಲ. ಮಲಗಿದಲ್ಲೇ ಅದೇ ಚಿಂತೆ. ಆ ವರ್ಷ ನಿಮ್ಮ ಬದಿಗೆ ಎಂತದೂ ಆಗ್ಲಿಲ್ಲಲ್ದ?" ಎಂದು ನನ್ನ ಮುಖ ನೋಡಿದ.

ಚಂದನಾ, ಆ ವರ್ಷ ಕಲ್ಲು ಮಬ್ಬಾಗಿದ್ದನ್ನು ನಾವೆಲ್ಲ ನೋಡಿದ್ದೆವು. ಮಳೆ ಜಾಸ್ತಿ, ಬಿಸಿಲು ಬಿದ್ದರೆ ಬೆಳ್ಳಗಾಗುತ್ತದೆ ಎಂದುಕೊಂಡೆವು. ನಮ್ಮಂಥ ಹಳಬರಿಗೆ ಕಲ್ಲು ಕಾಣದಿದ್ದರೂ ಕೈ ತಾನಾಗಿ ಚುಕ್ಕಾಣಿ ತಿರುಗಿಸುತ್ತಿತ್ತು. ಕಿಶನನಿಗೆ ನಾನು ಗುರುತು ಕಲಿಸಿದ್ದೆ, ಸರಿಯಾಗಿಯೇ ಕಲಿಸಿದ್ದೆ. ಬಿಳಿಯದನ್ನು ಹುಡುಕು ಎಂದು ಕಲಿಸಿದ್ದೆ. ಅವನು ಮಂಜಿನಲ್ಲಿ ಬಿಳಿಯದನ್ನೇ ಹುಡುಕಿರಬೇಕು.

ಜಟ್ಟನಿಗೆ ನಾನು, "ಇಲ್ಲ, ಎಂತದೂ ಆಗ್ಲಿಲ್ಲ," ಎಂದೆ.

ಸಿಟ್ಟು ಬರಬೇಕಿತ್ತೇನೋ, ಬರಲಿಲ್ಲ. ಉಳಿದರ್ಧ ಕಲ್ಲಿಗೆ ನಾನೇ ಸುಣ್ಣ ಬಳಿದೆ. ಮನೆಗೆ ಬಂದು ನಿನ್ನ ಅವ್ವಿಗೆ ಹೇಳಿದೆ. ಮೂವತ್ತು ವರ್ಷ ಜಟ್ಟನಿಗೆ ಬಂಗಡೆ ಮೀನು ಕೊಟ್ಟವಳು ಅವಳು. ಅವನ ಬೆರಳಿನ ಸುಣ್ಣ ನೋಡಿ ಎಲೆ ಅಡಿಕೆಯ ಚಟದವ ಎಂದುಕೊಂಡಿದ್ದಳು.

ಅಪ್ಪ


ಡನ್‌ಫರ್ಮ್ಲಿನ್
೨೬ ಅಕ್ಟೋಬರ್ ೨೦೨೫

ಅಪ್ಪಾ,

ನಿನ್ನ ಕಾಗದ ಓದಿದ ದಿನ ಕೆಲಸಕ್ಕೆ ಹೋಗಲಿಲ್ಲ. ನಾನು ದುಡಿಯುವ ವೃದ್ಧಾಶ್ರಮಕ್ಕೆ ಫೋನ್ ಮಾಡಿ ಜ್ವರ ಎಂದೆ. ಮೊದಲು ಜಟ್ಟನ ಮೇಲೆ ಸಿಟ್ಟು ಬಂತು. ಆಮೇಲೆ ನೀನು ಅವನಿಗೆ ಹೇಳಿದ ಸುಳ್ಳಿನ ಮೇಲೆ. ಅಷ್ಟು ದೊಡ್ಡದನ್ನು ಅವನಿಂದ ಮುಚ್ಚಿಡುವ ಹಕ್ಕು ನಿನಗೆ ಯಾರು ಕೊಟ್ಟರು? ಅವನಿಗೂ ಗೊತ್ತಾಗಲಿ, ನಮ್ಮ ಹಾಗೆ ಅವನೂ ಹೊರಲಿ ಅನಿಸಿತು. ಬಂದು ನಾನೇ ಹೇಳುತ್ತೇನೆ ಎಂದು ಅಂದುಕೊಂಡೆ. ಈಗಲೂ ಹಾಗೇ ಅಂದುಕೊಂಡಿದ್ದೇನೆ.

ಹೋದ ವಾರ ರಜೆಯಲ್ಲಿ ರಕ್ಷಿತಾಳನ್ನು ದಂಡೆಯ ದಾರಿಗೆ ಕರೆದುಕೊಂಡು ಹೋದೆ. ಅಮಿತನಿಗೂ ಹೇಳಿರಲಿಲ್ಲ. ಮಕ್ಕಳು ನಡೆಯಬಹುದಾದ ತುಂಡು, ಒಂದೂವರೆ ಮೈಲಿ, ಒಂದು ಬದಿ ಮರ, ಒಂದು ಬದಿ ನೀರು. ನನ್ನ ಕೈ ಎಷ್ಟು ಬಿಗಿ ಹಿಡಿದಿತ್ತೆಂದರೆ ನೋಯ್ತದೆ ಎಂದಳು. ಬಿಟ್ಟೆ. ಅವಳು ಓಡಲಿಲ್ಲ. ನಿಂತಲ್ಲೇ ನಿಂತು ನೋಡಿದಳು, ಬಾಯಿ ತೆರೆದಿತ್ತು. ಇದು ಎಲ್ಲಿ ಮುಗಿಯುತ್ತದೆ ಎಂದಳು. ಕೇಣಿಯಲ್ಲಿ ಎಂದು ಬಾಯಿಗೆ ಬಂತು.

ಮುಂದೆ ಬಂಡೆಯ ಮೇಲೆ ಎರಡು ಕಂಬ, ಒಂದರ ಹಿಂದೆ ಒಂದು, ಬಿಳಿ ಬಣ್ಣ ಬಳಿದದ್ದು. ಯಾತಕ್ಕೆ ಎಂದು ಅವಳು ಕೇಳಿದಾಗ ಫಲಕ ಓದದೆಯೇ ಹೇಳಿದೆ. ಎರಡೂ ಒಂದೇ ನೇರಕ್ಕೆ ಬರಬೇಕು, ಆಗ ಮನೆಗೆ ಬರಬಹುದು. ಹೇಳುವಾಗ ನನ್ನ ಧ್ವನಿ ನಿನ್ನದೇ ಆಗಿತ್ತು. ನಾನು ಅತ್ತೆ ಅಪ್ಪಾ, ಆದರೆ ಸಮುದ್ರಕ್ಕೆ ಬೆನ್ನು ಹಾಕಲಿಲ್ಲ.

ಮೇ ತಿಂಗಳಲ್ಲಿ ನಾನು ಬರೆದ ಮಾತು ತಪ್ಪು. ಡಿಸೆಂಬರ್ ಇಪ್ಪತ್ತೆರಡಕ್ಕೆ ನಾನೂ ರಕ್ಷಿತಾಳೂ ಬರುತ್ತೇವೆ, ಅಮಿತನಿಗೆ ರಜೆ ಸಿಗಲಿಲ್ಲ. ದೋಣಿಯ ವಿಷಯದಲ್ಲಿ ನೀನು ಕೊಟ್ಟ ಮಾತು ಹಾಗೇ ಇರಲಿ.

ಚಂದನಾ


ಕೇಣಿ
೧೬ ನವೆಂಬರ್ ೨೦೨೫

ಚಂದನಾ,

ದಾರಿ ತಯಾರು. ಜಟ್ಟನೂ ನಾನೂ ಕತ್ತಿ ಹಿಡಿದು ಮುಳ್ಳು ಸವರಿದ್ದೇವೆ. ಗೇರುಮರದ ಬುಡದಲ್ಲಿ ಹಲಗೆ ಹೊಡೆದು ನಾನೇ ಬರೆದಿದ್ದೇನೆ: ದೂರ, ಬೀಡಿ ಒಂದು ಸೇದುವಷ್ಟು ಹೊತ್ತು, ಮಕ್ಕಳಿಗೆ ಎರಡು ಬೀಡಿ. ತಳ್ಳುಗಾಡಿ ಹೋಗುವುದಿಲ್ಲ. ಶೌಚಾಲಯ ಇಲ್ಲ. ದನ ಇದ್ದಾವೆ, ಹಾಯುವುದಿಲ್ಲ. ನಿನ್ನ ಅವ್ವಿ ಓದಿ, ಮಕ್ಕಳ ಹಲಗೆಯ ಮೇಲೆ ಬೀಡಿ ಯಾಕೆ ಎಂದು ಬೈದಳು. ಅಳಿಸಿ ಹೆಜ್ಜೆ ಎಣಿಸಿ ಬರೆಯಬೇಕಾಯಿತು. ಒಂಬೈನೂರ ನಲವತ್ತು, ಅವಳ ಹೆಜ್ಜೆ.

ಕಲ್ಲು ದಾಟಿ ಬೇಲೇಕೇರಿ ಕಡೆ ಇಳಿಯುವ ದಾರಿ ಜಟ್ಟನ ಗದ್ದೆಯ ಅಂಚಿನಲ್ಲೇ ಹೋಗಬೇಕು. ಕೇಳಲು ಹೋದೆ. ಕೇಳುವುದೇನಿದೆ ಎಂದ.

ಅವನಿಗೆ ಹೇಳುವುದು, ಬಿಡುವುದು ನಿನಗೆ ಬಿಟ್ಟದ್ದು. ನಾನು ತಡೆಯುವುದಿಲ್ಲ.

ಅಪ್ಪ


ಬಿಳಿಕಲ್ಲಿನ ಬುಡ, ಕೇಣಿ ಗುಡ್ಡ
೨೮ ಡಿಸೆಂಬರ್ ೨೦೨೫, ಬೆಳಿಗ್ಗೆ

ಅಪ್ಪಾ,

ನೀನು ಒಂದು ಗಂಟೆಯೊಳಗೆ ದಡಕ್ಕೆ ಬರುತ್ತೀ. ಆದರೂ ಬರೆಯುತ್ತಿದ್ದೇನೆ. ಎದುರಿಗೆ ನಿಂತರೆ ನನಗೂ ನಿನಗೂ ಮಾತು ಬರುವುದಿಲ್ಲ, ಈ ಒಂದು ವಾರ ನೋಡಿದೆಯಲ್ಲ.

ಮೊದಲ ದಿನ ಇಲ್ಲಿಗೆ ಬಂದಾಗ ರಕ್ಷಿತಾ ಕಲ್ಲನ್ನು ಮುಟ್ಟಿ, ಸುತ್ತಿ, ಅದಕ್ಕೆ ಕೆನ್ನೆ ಒತ್ತಿ ನಿಂತಳು. ಆಮೇಲೆ ಜಟ್ಟಜ್ಜನನ್ನು, ಅಲ್ಲಿಂದ ಇದು ಹೇಗೆ ಕಾಣುತ್ತದೆ ಎಂದು ಕೇಳಿದಳು. ಅವನು ತಲೆ ಕೆರೆದುಕೊಂಡು, "ನಂಗೆ ಗೊತ್ತಿಲ್ಲಾ ಮಗಾ, ನಾ ನೋಡ್ಲಿಲ್ಲ," ಎಂದ. ಅರವತ್ತು ವರ್ಷ ಬಳಿದವನು ಅದು ಹೇಗೆ ಕಾಣುತ್ತದೆ ಎಂದು ಒಮ್ಮೆಯೂ ನೋಡಿಲ್ಲ. ಅವನಿಗೆ ಹೇಳಬೇಕೆಂದು ಸಮುದ್ರ ದಾಟಿ ಹೊತ್ತು ತಂದ ಮಾತು ನನ್ನ ಬಾಯಲ್ಲೇ ಇತ್ತು. ಅವನ ಮುಖ ನೋಡಿದೆ. ನುಂಗಿದೆ. ನೀನು ಅವನಿಗೆ ಸುಳ್ಳು ಹೇಳಿದಾಗ ನಿನ್ನ ಎದೆ ಹೇಗಿತ್ತು ಎಂದು ಆಗ ಗೊತ್ತಾಯಿತು.

ಇವತ್ತು ಬೆಳಿಗ್ಗೆ ದೋಣಿಯಲ್ಲಿ ರಕ್ಷಿತಾಳನ್ನೂ ಜಟ್ಟಜ್ಜನನ್ನೂ ಕರೆದುಕೊಂಡು ಹೋಗು ಎಂದು ನಾನು ಹೇಳಿದಾಗ ನೀನು ಕಿವುಡನಂತೆ ನಿಂತೆ. ನಿಜವಾಗಿಯೂ ಕೇಳಿಸಲಿಲ್ಲವೋ ಏನೋ. ಎರಡನೇ ಸಲ ಹೇಳಿದೆ. ಅವ್ವಿ ಗಾಬರಿಯಾದಳು, ನಮ್ಮ ಮನೆಯ ಹೆಣ್ಣು ದೋಣಿ ಹತ್ತಿದ್ದಿಲ್ಲ. ಜಟ್ಟಜ್ಜ ಇನ್ನೂ ಗಾಬರಿ. ರಕ್ಷಿತಾ ಅವನ ಕೈ ಹಿಡಿದು, ಹೆದರಬೇಡ, ನಮ್ಮಜ್ಜನಿಗೆ ದಾರಿ ಗೊತ್ತು ಎಂದಳು.

ನಾನು ಬರುವುದಿಲ್ಲ, ಮೇಲಿಂದ ನೋಡುತ್ತೇನೆ ಎಂದೆ. ನೋಡುತ್ತಿದ್ದೇನೆ. ಮಂಜು ಈಗಷ್ಟೇ ಕರಗಿದೆ. ಸಮುದ್ರ ಎಷ್ಟು ದೊಡ್ಡದು ಅಪ್ಪಾ. ಇಷ್ಟು ದೊಡ್ಡದರ ಮೇಲೆ ನೀನು ಐವತ್ತು ವರ್ಷ ದಿನವೂ ಹೋಗಿ ದಿನವೂ ಬಂದೆ. ಇಲ್ಲಿಂದ ನಿಮ್ಮ ದೋಣಿ ಒಂದು ಅಕ್ಕಿಕಾಳು. ಅದರಲ್ಲಿ ನನ್ನ ಮಗಳಿದ್ದಾಳೆ. ನನಗೆ ಹೆದರಿಕೆ ಇದೆ, ಇಲ್ಲ ಎಂದು ಬರೆಯುವುದಿಲ್ಲ.

ಈಗ ದೋಣಿ ತಿರುಗಿತು. ಬಂಡೆಸಾಲಿನ ಆಚೆ ಸ್ವಲ್ಪ ಹೊತ್ತು ನಿಂತಿತು. ನೀನು ಅವಳಿಗೆ ತೋರಿಸುತ್ತಿರಬೇಕು, ಬಿಳಿಯದನ್ನು ಹುಡುಕು ಎಂದು. ಈಗ ಮೂತಿ ಸೀದಾ ನನ್ನ ಕಡೆ ಬಂತು. ಎಡಕ್ಕಿಲ್ಲ, ಬಲಕ್ಕಿಲ್ಲ, ನೇರ ನನ್ನ ಕಡೆಗೇ ಬರುತ್ತಿದೆ.

ಕಿಶನನಿಗೂ ನೀನು ಹೀಗೇ ತೋರಿಸಿದ್ದೆ. ನೀನು ಕಲಿಸಿದ್ದೆ ಅಪ್ಪಾ. ನಾನು ನೋಡುತ್ತಿದ್ದೇನೆ.

ಕಾಗದ ಮಡಚುತ್ತೇನೆ. ಕೆಳಗೆ ಅವ್ವಿ ಒಬ್ಬಳೇ ನಿಂತಿದ್ದಾಳೆ. ದೋಣಿ ಮೇಲೆಳೆಯಲು ಒಂದು ಕೈ ಕಡಿಮೆಯಿದೆ, ನಾನು ನೀರಿಗಿಳಿಯಬೇಕು.

ನಿನ್ನ ಮಗಳು,
ಚಂದನಾ